ಗೇಟಿನ ಗಡಿಯಾರ

ಶ್ರೀರಂಗಪಟ್ಟಣದ ಹತ್ತಿರದ ಒಂದು ಗಾರ್ಮೆಂಟ್ಸಿನಲ್ಲಿ ವಾಚ್‌ಮನ್ ಒಬ್ಬರು ಗೇಟು ಕಾಯುತ್ತಿದ್ದರು. ಯಾರು ಬಂದರೂ "ಊಟ ಆಯ್ತಾ?" ಎನ್ನುವರು. ಬೆಳಗ್ಗೆ ಏಳು ಗಂಟೆಗೂ ಅದೇ ಪ್ರಶ್ನೆ.

ನೆಟ್‌ವರ್ಕಿನಿಂದ ತಾವೇ ಸಮಯ ಸರಿಪಡಿಸಿಕೊಳ್ಳುವ ಗೋಡೆ ಗಡಿಯಾರಗಳನ್ನು ಹಾಕಲು ನಾನು ಅಲ್ಲಿಗೆ ಹೋಗಿದ್ದೆ. ಎರಡು ದಿನ ಬಿಡುವಾದಾಗಲೆಲ್ಲ ಬಂದು ನನಗೆ ಏಣಿ ಹಿಡಿದವರು, ಗೇಟಿನ ಹಳೇ ಗಡಿಯಾರ ಇಳಿಸಲು ಹೊರಟಾಗ ಮಾತ್ರ ಅಡ್ಡ ನಿಂತರು.

"ಇದೊಂದ ಬುಟ್ಬುಡಿ ಸಾ."

"ಇದು ಹತ್ತು ನಿಮಿಷ ಹಿಂದಿದೆಯಲ್ಲ!"

ಅವರು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಾ ಹೇಳಿದರು: "ನಾನೇ ಇಂದಕ್ಕೆ ಮಡಗಿವ್ನಿ. ಪಾಲಳ್ಳಿ ಕಡೆ ಎಣ್ಮಕ್ಳ ಬಸ್ಸು ಬರಾದೇ ಎಂಟು ಐದಕ್ಕೆ. ಸರಿಯಾಗಿ ಎಂಟಕ್ಕೆ ಗೇಟು ಮುಚ್ಚುದ್ರೆ ಅವ್ರು ವಾಪಸ್ ಓಗ್ಬೇಕಾಯ್ತದೆ."

ಅದನ್ನು ಬಿಡುವ ಅಧಿಕಾರ ನನಗಿಲ್ಲವೆಂದೆ. ಅವರು ಟೋಪಿ ಹಾಕಿಕೊಂಡು ನೇರ ಮ್ಯಾನೇಜರಮ್ಮನ ಕೋಣೆಗೆ ಹೋಗಿ, ಮಾಡಿದ್ದನ್ನೆಲ್ಲ ಒಪ್ಪಿಕೊಂಡರು. ಬಾಗಿಲಲ್ಲಿ ನಿಂತಿದ್ದ ನನಗೆ, ಇವರ ಕೆಲಸ ಹೋಯಿತೆಂದೇ ಅನಿಸಿತು. ಆಕೆ, "ಮೊದಲೇ ನನ್ನನ್ನ ಕೇಳಬಾರದಿತ್ತಾ?" ಎಂದರು. ಆಮೇಲೆ ಗೇಟು ಮುಚ್ಚುವ ಹೊತ್ತನ್ನು ಎಂಟೂಕಾಲಕ್ಕೆ ಬದಲಿಸಿದರು.

ಮಾರನೆಯ ಬೆಳಗ್ಗೆ ಬಸ್ಸಿಳಿದ ಹೆಂಗಸರು, ಬುತ್ತಿಯ ಚೀಲ ಎದೆಗೊತ್ತಿಕೊಂಡು ಎಂದಿನಂತೆ ಓಡತೊಡಗಿದರು. ಗೇಟನ್ನು ಪೂರಾ ತೆರೆದಿಟ್ಟು ವಾಚ್‌ಮನ್ ರಸ್ತೆಯವರೆಗೂ ನಡೆದುಹೋದರು.

"ಓಡ್ಬೇಡ್ರವ್ವಾ," ಎಂದು ಕೂಗಿದರು, "ನಿಧಾನಕ್ಕೆ ಬನ್ನಿ, ಇನ್ನೂ ಟೈಮ್ ಅದೆ."