ಗಿಣಿ ಹಾಡಿನ ಮರೆತ ಸಾಲು

ಗೊತ್ತಿರುವ ಹಾಡು ಕಿವಿಗೆ ಬಿದ್ದರೆ ನಮ್ಮ ಓನರಮ್ಮನ ಎಡಗಾಲಿನ ಹೆಬ್ಬೆರಳು ನೆಟ್ಟಗೆ ನಿಲ್ಲುತ್ತಿತ್ತು. ಅರಿಶಿನ ಹಚ್ಚಿ ಹಚ್ಚಿ ಹಳದಿಗಟ್ಟಿದ, ಸೀಳು ಬಿಟ್ಟ ಬೆರಳು. ಸರಿಯಾಗಿ ಹಾಡುವಷ್ಟು ಹೊತ್ತು ಅದು ಹಾಗೇ ನಿಂತಿರುತ್ತಿತ್ತು. ಎಲ್ಲೋ ಒಂದು ಮಾತು ತಪ್ಪಿದರೆ ಪಟ್ಟನೆ ಬೀಳುತ್ತಿತ್ತು. ಅವರ ಮನೆಯಲ್ಲಿ ಕೂತು ಹಾಡಿನ ಸ್ಪರ್ಧೆ ನೋಡುವಾಗ ನಾನು ಟೀವಿ ಬಿಟ್ಟು ಆ ಬೆರಳನ್ನೇ ನೋಡುತ್ತಿದ್ದೆ. ತೀರ್ಪುಗಾರರಿಗಿಂತ ಅದೇ ವಾಸಿ.

ಕೋಗಿಲು ಬಡಾವಣೆಯ ಅವರ ಕಟ್ಟಡದಲ್ಲಿ ಆರು ಬಾಡಿಗೆ ಮನೆ, ಮೂವರು ಮಂಜುಳ. ಒಬ್ಬಳ ಕುಕ್ಕರ್ ಇನ್ನೊಬ್ಬಳ ಮನೆಗೆ, ಇನ್ನೊಬ್ಬಳ ಚಪ್ಪಲಿ ಮತ್ತೊಬ್ಬಳ ಮನೆಗೆ ಕೊರಿಯರಿನಲ್ಲಿ ಬಂದು ರಂಪವಾದಾಗ ಓನರಮ್ಮ ನಮಗೆ ಹೊಸ ನಾಮಕರಣ ಮಾಡಿದರು: ಬ್ಯಾಂಕ್ ಮಂಜುಳ, ನಾಯಿ ಮಂಜುಳ, ಟೆರೇಸ್ ಮಂಜುಳ. ಕೊನೆಯವಳು ನಾನು.

ನಾನು ಹೈಸ್ಕೂಲ್ ಟೀಚರ್. ರಜೆಯಲ್ಲಿ ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ಹಾಡುಗಳ ಪುಟ ತಿದ್ದುವ ಹುಚ್ಚು. ಸಂಬಳವಿಲ್ಲ, ಸನ್ಮಾನವಿಲ್ಲ, ಜಗಳ ಮಾತ್ರ ಧಾರಾಳ. ಆ ಸಲದ ಜಗಳ ‘ಸೀಬೆ ತೋಟದ ಗಿಣಿ’ ಎಂಬ ಹೆಸರಿನದು. ಆ ಹೆಸರಲ್ಲಿ ಮೂರು ಹಾಡು. ಒಂದು, ಗಿಟಾರ್ ಹಿಡಿದ ಹುಡುಗರ ತಂಡದ್ದು, ಎಲ್ಲರ ಫೋನಿನಲ್ಲೂ ಇದ್ದದ್ದು. ಇನ್ನೊಂದು, ಯಾರೋ ಹಳೇ ಕ್ಯಾಸೆಟ್ಟಿನಿಂದ ಈಚೆಗೆ ಏರಿಸಿದ್ದ ಒಬ್ಬ ಹೆಂಗಸಿನ ದನಿ. ಮೂರನೆಯದು ಸಿನಿಮಾದ ಪ್ರೇಮಗೀತೆ. ‘ಒಂದು ಹೆಸರಿಗೆ ಒಂದೇ ಪುಟ ಸಾಕು, ಹೆಸರಾದದ್ದು ಮೇಲೆ, ಮಿಕ್ಕವು ಕೆಳಗೆ ಕವರ್ ಹಾಡುಗಳು, ಅಂದರೆ ಅದನ್ನೇ ಕಲಿತು ಹಾಡಿದವು’ ಎಂದರು ದಾವಣಗೆರೆಯ ಒಬ್ಬ ಸಂಪಾದಕರು. ನಾನೂ ಹೂಂಗುಟ್ಟಿ ಪಟ್ಟಿ ಮಾಡಿಟ್ಟೆ. ಭಾನುವಾರ ಸಂಜೆಯೊಳಗೆ ಯಾರೂ ತಕರಾರು ಎತ್ತದಿದ್ದರೆ ಅದೇ ಖಾಯಂ.

ಆ ಭಾನುವಾರ ಬೆಳಿಗ್ಗೆ ಟೆರೇಸಿನಲ್ಲಿ ಮೂರನ್ನೂ ಕೊನೆಯದಾಗಿ ಕೇಳುತ್ತಿದ್ದೆ. ಮೆಣಸಿನಕಾಯಿ ಹರವಲು ಬಂದ ಓನರಮ್ಮ ಅಲ್ಲೇ ಕಾಲು ಚಾಚಿ ಕೂತರು. ಸಿನಿಮಾ ಹಾಡಿಗೆ ಬೆರಳು ಏಳಲೇ ಇಲ್ಲ.

“ಇದು ಬ್ಯಾರೆ ಮನೇದು ಕಣವ್ವ, ಎಸ್ರು ಒಂದೇ ಅಷ್ಟೇಯಾ. ಮೂರೂ ಮಂಜುಳ ಅಂತ ನಿಮ್ನೆಲ್ಲ ಒಂದೇ ಮನೇಲಿ ಕೂಡಾಕಿದ್ದೀನಾ?”

ಕ್ಯಾಸೆಟ್ಟಿನ ಹಾಡಿಗೆ ಬೆರಳು ನಿಂತಿತು. ಎರಡನೇ ಚರಣದ ಮೂರನೇ ಸಾಲು ಬರುವ ಕಡೆ ಆ ಹೆಂಗಸು ‘ಹೋ ಹೋ’ ಎಂದು ಕೂಗುತ್ತಾಳೆ, ಅಲ್ಲಿ ಬಿತ್ತು. ಹುಡುಗರ ಹಾಡು ಹಾಕಿದೆ. ಅದೇ ಜಾಗ, ಅದೇ ಹೋ ಹೋ, ಮತ್ತೆ ಬಿತ್ತು! ಓನರಮ್ಮ ತೊಡೆ ತಟ್ಟಿಕೊಂಡು ನಕ್ಕರು.

“ಅಲ್ಲೊಂದು ಸಾಲೈತೆ, ನಮ್ಮವ್ವ ಯೋಳ್ತಿದ್ಲು. ಈಯಮ್ಮಂಗೆ ಪದ ಯೋಳ್ತಾ ಯೋಳ್ತಾ ಮರ್ತೋಗದೆ. ಗಿಣಿ ಓಡ್ಸೋರಂಗೆ ಕೂಗಿ ತೇಲ್ಸವ್ಳೆ. ಈ ಐಕ್ಳು ಆ ಮರೆವ್ನೂ ಬಿಡ್ದಂಗೆ ಕಲ್ತವ್ರೆ!”

ನನಗೆ ಮೈ ಜುಮ್ಮೆಂದಿತು. ಆ ಹೋ ಹೋ ಬಂದಾಗ ಕಾರ್ಯಕ್ರಮಗಳಲ್ಲಿ ಜನ ಕೈಯೆತ್ತಿ ಕುಣಿಯುತ್ತಿದ್ದರು. ಅದು ಒಬ್ಬ ಹೆಂಗಸಿನ ಮರೆವು! ಅಂದ ಮೇಲೆ ಹುಡುಗರು ಕಲಿತದ್ದು ಅವಳಿಂದಲೇ. ನನ್ನ ಪಟ್ಟಿಯಲ್ಲಿ ಅವಳೇ ಅವರ ನಕಲು. ಪಟ್ಟಿ ಓದಿ ಹೇಳಿದೆ. ಅವರ ನಗು ಆರಿಹೋಯಿತು.

“ಕಲ್ಸಿದೋಳ್ನ ಕಲ್ತೋರ ಕಾಲ್ತಾವ ಕೂರ್ಸಿದ್ದೀಯಾ? ನೀನೂ ಮೇಡಮ್ಮೇ ಅಲ್ವಾ?”

ಹೆಡ್‌ಮಾಸ್ಟರ್ ಬೈಗುಳವೂ ನನಗೆ ಅಷ್ಟು ನಾಟಿದ್ದಿಲ್ಲ.

“ಅಮ್ಮ, ಅಲ್ಲಿ ನಿಮ್ ಮಾತು ನಡೆಯಲ್ಲ, ನನ್ ಮಾತೂ ನಡೆಯಲ್ಲ. ಎಲ್ಲಾದ್ರೂ ಅಚ್ಚಾಗಿರ್ಬೇಕು.”

“ಕ್ಯಾಸೆಟ್ಟಿನ ಮ್ಯಾಲೆ ಅಚ್ಚಾಕಿರ್ತಾರಲ್ಲ, ಆಯ್ತದಾ?”

“ಆಗುತ್ತೆ!”

“ಮತ್ತೆ ನಡಿ! ಚಿಕ್ಕಬಾಣಾವರದಾಗೆ ನಮ್ ನಾದಿನಿ ತಾವ ಐತೆ.”

ಮೆಣಸಿನಕಾಯಿ ಕಾಯುವ ಕೆಲಸ ನಾಯಿ ಮಂಜುಳನ ಪಾಲಾಯಿತು. ಆಟೊದಲ್ಲಿ ಇಡೀ ದಾರಿ ಓನರಮ್ಮ ಸೀಟಿನ ಅಂಚಿನಲ್ಲೇ ಕೂತಿದ್ದರು. ಸಿಗ್ನಲ್ ಬಿದ್ದಲ್ಲೆಲ್ಲ ಡ್ರೈವರಿಗೆ “ನುಗ್ಸಪ್ಪಾ, ಸಂಜೆಗೆ ವಾಯಿದೆ ಮುಗೀತದೆ” ಎನ್ನುತ್ತಿದ್ದರು. ಅವನು ಕೋರ್ಟು ಕೇಸು ಅಂದುಕೊಂಡನೋ ಏನೋ, ಪಾಪ, ನುಗ್ಗಿಸಿದ. ನಾದಿನಿಯ ಮನೆಯ ಶೋಕೇಸಿನ ಗಾಜಿನ ಬಾಗಿಲು ಎಷ್ಟೋ ವರ್ಷದಿಂದ ಕಚ್ಚಿಕೊಂಡಿತ್ತು. ಮೂವರೂ ಸೇರಿ ದೋಸೆ ಮಗುಚುವ ಕೈ ತೂರಿಸಿ ಎಬ್ಬಿಸಿದೆವು. ಬೊಂಬೆಗಳ ಹಿಂದೆ ಕ್ಯಾಸೆಟ್ಟು! ಟೇಪೆಲ್ಲ ಹೊರಬಂದು ಗೋಜಲಾಗಿತ್ತು. ಆದರೆ ಡಬ್ಬಿಯೊಳಗಿನ ಕಾಗದ ಹಾಗೇ ಇತ್ತು: ಹಾಡಿನ ಹೆಸರು, ಆ ಹೆಂಗಸಿನ ಹೆಸರು, ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಇಸವಿ. ಗಿಟಾರಿನ ಹುಡುಗರು ಆಗಿನ್ನೂ ಹುಟ್ಟೇ ಇರಲಿಲ್ಲ.

ಓನರಮ್ಮನಿಗೆ ಓದು ಬಾರದು. ಅದನ್ನು ಮೂರು ಸಲ ಓದಿಸಿದರು. ಮೂರನೇ ಸಲ “ನೋಡ್ದಾ!” ಎಂದು ನನ್ನನ್ನು ಬಾಚಿ ತಬ್ಬಿಕೊಂಡರು. ಅಷ್ಟು ಖುಷಿ ನನಗೆ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ.

ಅಲ್ಲಿಂದಲೇ ಕಾಗದದ ಫೋಟೊ ಹಾಕಿದೆ. ದಾವಣಗೆರೆಯವರು ಒಳ್ಳೆಯವರು, ತಕ್ಷಣ ಬರೆದರು: ‘ನನ್ನದೇ ತಪ್ಪು. ನೀವು ಹೇಳಿದಂತೆ ಆಗಲಿ.’ ಈಗ ಆ ಪುಟದಲ್ಲಿ ಮೇಲೆ ಕ್ಯಾಸೆಟ್ಟಿನ ಹೆಂಗಸು, ಕೆಳಗೆ ಹುಡುಗರು. ಸಿನಿಮಾ ಹಾಡಿಗೆ ಬೇರೆಯೇ ಪುಟ. ಹೆಸರು ಹುಡುಕಿಕೊಂಡು ಬಂದವರಿಗೆ ಯಾವುದು ಎಲ್ಲಿದೆ ಎಂದು ತೋರಿಸುವ ಪುಟ್ಟ ಪುಟವೂ ಇದೆ. ಒಂದೇ ಹೆಸರಿನ ಬೇರೆ ಹಾಡುಗಳಿಗೂ ನಾವು ಈಗ ಹೀಗೇ ಮಾಡುತ್ತೇವೆ.

ಮರೆತ ಸಾಲನ್ನು ಓನರಮ್ಮ ವಾಪಸು ಬರುವಾಗ ಆಟೊದಲ್ಲೇ ಹೇಳಿಕೊಟ್ಟರು. ನಾನು ಮನೆಗೆ ಬಂದು ಉತ್ಸಾಹದಲ್ಲಿ ಪುಟಕ್ಕೆ ಸೇರಿಸಿದೆ, ಮಾರನೇ ದಿನ ನಾನೇ ತೆಗೆದೆ. ಎಲ್ಲೂ ಅಚ್ಚಾಗಿರಲಿಲ್ಲ, ನಿಯಮ ನನಗೂ ಒಂದೇ. ತಿಳಿಸಿದಾಗ ಅವರು ಕೋಪಿಸಿಕೊಳ್ಳಲಿಲ್ಲ.

“ನಾನ್ ಸತ್ರೆ ಆ ಸಾಲೂ ನನ್ ಜತೇಲೇ ಓಯ್ತದೆ ಕಣವ್ವ. ಎಲ್ಲಾದ್ರೂ ಅಚ್ಚಾಕ್ಸು,” ಎಂದರು. ಹೂಂ ಎಂದೆ. ಹೂಂ ಎನ್ನುತ್ತಲೇ ದಿನ ತಳ್ಳಿದೆ. ಹೋದ ವರ್ಷ, ಮೂರು ದಿನದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಅವರಿರುವಾಗಲೇ ಮಾಡಲಿಲ್ಲವಲ್ಲ ಎಂದು ನನಗೆ ಇವತ್ತಿಗೂ ಸಂಕಟ.

ಈ ಬರಹ ಅಚ್ಚಾಗುತ್ತದೆ ಎಂದು ಪತ್ರಿಕೆಯ ಸಂಪಾದಕರು ಮಾತು ಕೊಟ್ಟಿದ್ದಾರೆ. ಆದ್ದರಿಂದ, ಎರಡನೇ ಚರಣ, ಮೂರನೇ ಸಾಲು, ಕೋಗಿಲಿನ ನಮ್ಮ ಓನರಮ್ಮ ಹೇಳಿಕೊಟ್ಟಂತೆ:

‘ಕಚ್ಚಿದ ಹಣ್ಣೊಂದ ಬಿಟ್ಟೋಗೇ ಗಿಣಿಯವ್ವ, ಕೂಸು ನಿನ್ ದಾರಿ ಕಾಯ್ತೈತೆ.’