ಸೂತಕದ ಮನೆಗೆ ಪ್ರೊಫೈಲ್ ಲೈಟು

"ತಮ್ಮಾ, ನಾ ಗೇಟಿನ ಒಳಗ ಬಂದೀನಿ. ಶ್ರೀಕಾಂತನ ಮನಿ ಯಾವುದೋ? ಇಲ್ಲೆಲ್ಲಾ ಲಗ್ನದ ಮನೀನ ಅದಾವಲ್ಲ."

ಕಳೆದ ವಾರ ಒಂದು ಸಂಜೆ ನನಗೆ ಹೀಗೆ ಫೋನ್ ಮಾಡಿದವರು ಬೆಳಗಾವಿಯ ಗೋವಿಂದ ಮಾಮಾ. ಶ್ರೀಕಾಂತ ಕಾಲೇಜಿನಿಂದಲೂ ನನ್ನ ಗೆಳೆಯ. ಮಾಮಾ ಅವನ ತಾಯಿಯ ತಮ್ಮ. ಅವತ್ತು ಬೆಳಿಗ್ಗೆ ಇಲ್ಲೇ ಪುಣೆಯ ಭೋಸರಿಯ ಕಾರ್ಖಾನೆಗೆ ಹೊರಟಿದ್ದ ಶ್ರೀಕಾಂತ ಕಾರಿನ ಬಾಗಿಲು ತೆಗೆಯುವಾಗಲೇ ಕುಸಿದುಬಿದ್ದ. ಆಸ್ಪತ್ರೆ ತಲುಪುವ ಮೊದಲೇ ಎಲ್ಲ ಮುಗಿದಿತ್ತು. ಮಧ್ಯಾಹ್ನ ಸಂಸ್ಕಾರವೂ ಆಯಿತು. ಸಿಕ್ಕ ಬಸ್ಸು ಹತ್ತಿ ಬಂದ ಮಾಮಾನಿಗೆ ಅಳಿಯನ ಮುಖ ನೋಡಲು ಸಿಗಲಿಲ್ಲ.

ಅವರನ್ನು ಕರೆತರಲು ಹೊರಗೆ ಬಂದೆ. ಮಾಮಾ ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಹಿಂಜವಾಡಿಯ ಆಚೆ ಹೊಸದಾಗಿ ಎದ್ದಿರುವ ರೋ ಹೌಸ್‌ಗಳ ಸಾಲು ಅದು. ಬಿಲ್ಡರ್ ಭಾಷೆಯಲ್ಲಿ ಟೌನ್‌ಹೋಮ್. ಎಲ್ಲಕ್ಕೂ ಇದ್ದಿಲಿನ ಬಣ್ಣ. ಮುಂದೆ ಮರದಂತೆ ಕಾಣುವ (ಮರವಲ್ಲದ) ಉದ್ದುದ್ದ ಪಟ್ಟಿಗಳು, ಬಾಲ್ಕನಿಗೆ ಗಾಜಿನ ರೇಲಿಂಗ್, ಗೋಡೆಗೆ ಅಲ್ಲಲ್ಲಿ ಕಲ್ಲಿನ ಹೊದಿಕೆ. ಛಾವಣಿಯ ಅಂಚಿನಿಂದ ನೆಲದವರೆಗೆ ಗೋಡೆಯೊಳಗೇ ಕೂರಿಸಿದ ದೀಪದ ಗೆರೆ, ಅದೇ ಪ್ರೊಫೈಲ್ ಲೈಟು. ಈಗ ಪುಣೆಯಲ್ಲಿ ಇದೇ ಟ್ರೆಂಡ್. ಹೊತ್ತು ಮುಳುಗಿತೋ ಇಲ್ಲವೋ, ಇಡೀ ಸಾಲು ಝಗಮಗ. ಅಂದೂ ಝಗಮಗಿಸುತ್ತಿತ್ತು, ಶ್ರೀಕಾಂತನ ಮನೆಯೂ ಸೇರಿ.

ಮಾಮಾ ಒಳಗೆ ಬಂದು ಅಕ್ಕನ ಪಕ್ಕ ಕೂತರು. ಇಬ್ಬರೂ ಅತ್ತರು. ಆಮೇಲೆ ಆಯಿ (ಶ್ರೀಕಾಂತನ ತಾಯಿಯನ್ನು ನಾವೆಲ್ಲ ಹಾಗೇ ಕರೆಯುವುದು) ಕಿಟಕಿಯ ಕಡೆ ನೋಡಿ ಕೇಳಿದ್ದು ಒಂದೇ ಮಾತು.

"ಗೋವಿಂದಾ, ಹೊರಗಿನ ದೀಪಾ ಆರಸೋ. ಮಗಾ ಹೋಗ್ಯಾನ, ಮನಿ ಹಿಂಗ ಶೃಂಗಾರ ಮಾಡಕೊಂಡು ನಿಂತದ."

ಸ್ವಿಚ್ ಹುಡುಕಿದೆವು. ಬಾಗಿಲ ಹಿಂದೆ ನೋಡಿದೆವು, ಮೆಟ್ಟಿಲ ಕೆಳಗೆ ನೋಡಿದೆವು. ಶ್ರೀಕಾಂತನ ಹೆಂಡತಿ ವಂದನಾ ಕೂತಲ್ಲಿಂದಲೇ ಹೇಳಿದರು, "ಅದು ನಮ್ಮ ಕಡೆ ಇಲ್ರಿ. ಸೊಸೈಟಿ ಆಫೀಸಿನಾಗ ಅದ."

ತಮ್ಮ ಮನೆಯ ದೀಪದ ಸ್ವಿಚ್ ತಮ್ಮ ಮನೆಯಲ್ಲಿಲ್ಲ. ಕೇಳಿದ್ದೀರಾ ಎಲ್ಲಾದರೂ?

ಆಫೀಸಿಗೆ ಫೋನ್ ಮಾಡಿದೆ. ಮ್ಯಾನೇಜರ್ ಒಳ್ಳೆಯ ಮನುಷ್ಯನೇ. ಮೊದಲು ಮರಾಠಿಯಲ್ಲಿ ನಾಲ್ಕು ಸಾಂತ್ವನದ ಮಾತಾಡಿದ. ಆಮೇಲೆ ವಿಷಯಕ್ಕೆ ಬಂದ. ಇಡೀ ಸಾಲಿಗೆ ಒಂದೇ ಲೈನ್, ಅದಕ್ಕೊಂದು ಟೈಮರ್. ಒಂದೇ ಮನೆಯದು ಆರಿಸಲು ಬರುವುದಿಲ್ಲ. ಎಲ್ಲ ಆರಿಸಿದರೆ ಉಳಿದವರು ಕಂಪ್ಲೇಂಟ್ ಕೊಡುತ್ತಾರೆ. ಮೇಲಾಗಿ ಈಗ ಸೆಕೆಂಡ್ ಫೇಸಿನ ಹೊಸ ಮನೆಗಳಿಗೆ ಗಿರಾಕಿಗಳು ನೋಡಲು ಬರುವ ಹೊತ್ತು. "ಸಮಜೂನ್ ಘ್ಯಾ ಸರ್," ಎಂದ. ಏನನ್ನು ಅರ್ಥ ಮಾಡಿಕೊಳ್ಳಬೇಕಿತ್ತೋ ನಾನು?

ನಾನು ಬೆಳೆದ ಧಾರವಾಡದ ಓಣಿಯಲ್ಲಿ ಮನೆಗಳ ಮುಂಭಾಗಕ್ಕೆ ಮಾತು ಬರುತ್ತಿತ್ತು. ಹಂದರ ಹಾಕಿದ್ದರೆ ಲಗ್ನ. ಅಂಗಳದಲ್ಲಿ ರಂಗೋಲಿ ಇಲ್ಲ, ಕಟ್ಟೆಯ ಮೇಲೆ ಗಂಡಸರು ಸುಮ್ಮನೆ ಕೂತಿದ್ದಾರೆ ಅಂದರೆ ಸೈಕಲ್ ಮೇಲೆ ಸೀಟಿ ಹೊಡೆಯುತ್ತ ಬಂದವನೂ ಬಾಯಿ ಮುಚ್ಚಿಕೊಂಡು ಇಳಿಯುತ್ತಿದ್ದ. ಈಗಿನ ಎಲಿವೇಶನ್‌ಗಳಿಗೆ ಒಂದೇ ಮುಖಭಾವ. ಫೋಟೋಗೆ ನಿಂತವರ ಹಾಗೆ ವರ್ಷವಿಡೀ ನಗುತ್ತಲೇ ಇರಬೇಕು. ಕೂರಲು ಕಟ್ಟೆ ಇಲ್ಲ, ಇರುವುದು ಕಾರಿಗೆ ಜಾಗ. ಆ ಸಂಜೆ ಎದುರು ಮನೆಯವರು ಆಫೀಸಿನಿಂದ ಬಂದು ಜೋರಾಗಿ ಹಾಡು ಹಾಕಿಕೊಂಡೇ ಕಾರು ನಿಲ್ಲಿಸಿದರು. ಅವರನ್ನು ಬೈಯಲೇ? ಅವರಿಗೆ ಗೊತ್ತಾಗುವುದಾದರೂ ಹೇಗೆ?

ಕೊನೆಗೆ ಮಾಮಾ ಎದ್ದರು. ಕಪಾಟಿನಲ್ಲಿದ್ದ ಚಾದರಗಳನ್ನೆಲ್ಲ ಹೊತ್ತು ಮೇಲಿನ ಬಾಲ್ಕನಿಗೆ ಹೋದರು. ನಾನೂ ಕೈ ಹಚ್ಚಿದೆ. ಗಾಜಿನ ರೇಲಿಂಗಿಗೆ ಗಂಟು ಹಾಕಿ ಕೆಳಗೆ ಇಳಿಬಿಟ್ಟೆವು. ಬೆಳಕು ಪೂರ್ತಿ ಹೋಗಲಿಲ್ಲ, ಮಂಕಾಯಿತು. ಆಯಿ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನೋಡಿದರು. "ಈಗ ನಮ್ಮ ಮನಿ ಕಂಡಂಗ ಕಾಣಸ್ತದ," ಎಂದು ಒಳಗೆ ಹೋಗಿ ಮಲಗಿದರು.

ಮರುದಿನ ಬೆಳಿಗ್ಗೆ ವಂದನಾ ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಸೊಸೈಟಿಯ ವಾಟ್ಸಾಪ್ ಗ್ರೂಪು. ಮೇಲಿಂದ ಕೆಳಗೆ ಓಂ ಶಾಂತಿ, ಓಂ ಶಾಂತಿ, ಮುಗಿದ ಕೈಗಳು. ಅದರ ಬೆನ್ನಿಗೇ ಕಮಿಟಿಯ ಸೂಚನೆ: ನಿವಾಸಿಗಳು ದಯವಿಟ್ಟು ಮುಂಭಾಗದ ಎಲಿವೇಶನ್ ಮೇಲೆ ಬಟ್ಟೆ ಒಣಹಾಕಬಾರದು. ಮನೆಯ ನಂಬರ್ ಹಾಕಿರಲಿಲ್ಲ, ಅಷ್ಟರಮಟ್ಟಿಗೆ ಸಭ್ಯಸ್ಥರು.

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಗ್ರಹಚಾರ ಬಿಡಿಸಿಯೇ ಬರುತ್ತೇನೆಂದು ಚಪ್ಪಲಿ ಮೆಟ್ಟಿದೆ. ವಂದನಾ ತಡೆದರು.

"ಬ್ಯಾಡ್ರಿ ಅಣ್ಣಾ. ನೀವು ಜಗಳಾ ಮಾಡಿ ಮನಿಗೆ ಹೋಗ್ತೀರಿ. ನಾ ಇನ್ನ ಇವರ ಜೋಡೀನ ಇರಬೇಕು."

ತಾವೇ ಮೇಲೆ ಹೋಗಿ ಒಂದೊಂದೇ ಗಂಟು ಬಿಚ್ಚಿದರು. ಚಾದರಗಳನ್ನು ನೀಟಾಗಿ ಮಡಚಿ ಕಪಾಟಿನಲ್ಲಿಟ್ಟರು. ನಾನು ಮೆಟ್ಟಿದ ಚಪ್ಪಲಿ ಕಳಚಿಟ್ಟೆ. ಅಷ್ಟು ಸಂಕಟ ನನಗೆ ಸ್ಮಶಾನದಲ್ಲೂ ಆಗಿರಲಿಲ್ಲ.

ಅಂದಿನಿಂದ ಆಯಿ ಮುಂದಿನ ಕೋಣೆಗೆ ಬರುವುದನ್ನೇ ಬಿಟ್ಟರು. ಮನೆಯ ಹಿಂದೆ ವಾಷಿಂಗ್ ಮಷೀನ್ ಇಡಲು ಒಂದು ಇಕ್ಕಟ್ಟು ಜಾಗವಿದೆ. ಬರೀ ಸಿಮೆಂಟಿನ ಗೋಡೆ, ಗಟಾರದ ಪೈಪು, ಬಟ್ಟೆ ಹಾಕುವ ಹಗ್ಗ. ಆ ಕಡೆಗೆ ಯಾವ ಡಿಸೈನೂ ತಲುಪಿಲ್ಲ. ಅಲ್ಲೇ ಚಾಪೆ ಹಾಸಿಸಿಕೊಂಡು ಕೂತರು. ಮಾತಾಡಿಸಲು ಬಂದವರಿಗೆ ಮಾಮಾ ಫೋನಿನಲ್ಲೇ ಹೇಳತೊಡಗಿದರು, "ಹಿಂದಿನಿಂದ ಬರ್ರಿ." ಬಂದವರು ಕಳ್ಳರ ಹಾಗೆ ಪಕ್ಕದ ಸಂದಿಯಲ್ಲಿ ನುಸುಳಿ ಬಂದು, ಪೈಪಿನ ಬುಡದಲ್ಲಿ ಚಪ್ಪಲಿ ಬಿಟ್ಟು, ಆಯಿಯ ಕೈ ಹಿಡಿದುಕೊಂಡು ಕೂರುತ್ತಿದ್ದರು. ಅಲ್ಲಿ ಆಯಿ ಗಟ್ಟಿಯಾಗಿ ಅತ್ತರು.

ಮೊನ್ನೆ ಸಂಜೆ ಮತ್ತೆ ಹೋಗಿದ್ದೆ. ಮನೆ ನೋಡಲು ಬಂದ ಗಂಡಹೆಂಡತಿ ರಸ್ತೆಯಲ್ಲಿ ನಿಂತು, ಶ್ರೀಕಾಂತನ ಮನೆ ಹಿಂದೆ ಬರುವಂತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ನನ್ನ ದಾರಿಗೆ ಅಡ್ಡ ನಿಂತಿದ್ದಕ್ಕೆ "ಸಾರಿ" ಎಂದರು. ಪರವಾಗಿಲ್ಲ ಎಂದು ಪಕ್ಕದ ಸಂದಿ ಹಿಡಿದೆ.

ಮುಂದಿನಿಂದ ನೋಡಿದರೆ ಆ ಸಾಲಿನಲ್ಲಿ ಯಾರೂ ಸತ್ತಿಲ್ಲ.