ಬಾಲ್ಕನಿಗೆ ಕಟ್ಟಿದ ಗಸಗಸೆ ಕೊಂಬೆ

ನವೆಂಬರ್ ಮೂರರಿಂದ ನನ್ನ ಡೈರಿಯಲ್ಲಿ ಮೂರು ಕಾಲಂಗಳಿವೆ: ಹಕ್ಕಿ ಬಂದ ಹೊತ್ತು, ತಿಂದ ಹಣ್ಣು, ತೆಗೆದ ಫೋಟೊ. ಬಂಗಾಳದ ಟಾಲಿಗಂಜ್‌ನ ಓಣಿಯೊಂದರಲ್ಲಿ ಎರಡನೇ ಮಹಡಿಯ ಬಾಡಿಗೆ ಕೋಣೆ ನನ್ನದು. ಕಾಂಪೌಂಡಿನ ಮೂಲೆಯಲ್ಲಿ ಗಸಗಸೆ ಹಣ್ಣಿನ ಮರ. ಬೆಂಗಳೂರಿನಲ್ಲಿ ಶಾಲೆಯ ಹಿಂದೆ ಕಿತ್ತು ತಿನ್ನುತ್ತಿದ್ದ ಅದೇ ಪುಟ್ಟ ಕೆಂಪು ಹಣ್ಣು. ಬೆಳಿಗ್ಗೆ ಆರೂವರೆಗೆಲ್ಲ ಪಿಕಳಾರ ಹಕ್ಕಿಗಳು ಬರುತ್ತಿದ್ದವು. ಆದರೆ ಯಾವ ಫೋಟೊ ತೆಗೆದರೂ ಎಲೆ ಅಡ್ಡ. ಹಾಗಾಗಿ ಹಣ್ಣಿದ್ದ ಕೊಂಬೆಯೊಂದನ್ನು ಕತ್ತರಿಸಿ ಬಾಲ್ಕನಿಯ ಕಂಬಿಗೆ ಕಟ್ಟಿದೆ. ಹಕ್ಕಿ ಫೋಟೊ ತೆಗೆಯುವವರು ಎಷ್ಟೋ ಜನ ಹೀಗೇ ಮಾಡುತ್ತಾರೆ. ಕೊಂಬೆಯ ಹಿಂದೆ, ಓಣಿಯ ಆಚೆ, ಹೊಸ ಕಟ್ಟಡದ ಗಾಜಿನ ಗೋಡೆ. ಕ್ಯಾಮೆರಾದಲ್ಲಿ ಅದು ನುಣುಪಾದ ನೀಲಿಯಾಗಿ ಕಾಣುತ್ತಿತ್ತು.

ಫೋನಿನಲ್ಲಿ ಹೇಳಿದಾಗ ಅಮ್ಮ ನಕ್ಕಳು. "ಮರದಲ್ಲೇ ಇರೋ ಹಣ್ಣನ್ನ ಕಿತ್ತು ಬಡಿಸೋಕೆ ನೀನ್ಯಾರೇ?"

ನವೆಂಬರ್ ಹನ್ನೊಂದರಂದು ಓಣಿಯಲ್ಲಿ ಮೊದಲ ಸತ್ತ ಪಿಕಳಾರ ಸಿಕ್ಕಿತು. ಅದರ ಪಕ್ಕದಲ್ಲಿ ಕೆಳಮನೆಯ ಮಾಶಿಮಾರ ಬಿಳಿ ಬೆಕ್ಕು ಕೂತಿತ್ತು. ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಎಲ್ಲರೂ ಕರೆಯುತ್ತಿದ್ದ ಅವರು ಒಬ್ಬರೇ ಇರುವ ಹೆಂಗಸು. ಆ ಬೆಕ್ಕಿಗೆ ಹದಿನಾಲ್ಕು ವರ್ಷ ಎನ್ನುತ್ತಿದ್ದರು. ತಿಂಗಳ ಕೊನೆಗೆ ಸತ್ತವು ಆರಾದವು. ನಾಲ್ಕು ಸಲ ಬೆಕ್ಕು ಅಲ್ಲೇ ಇತ್ತು. ದಿನಾಂಕ, ಹೊತ್ತು, ಬೆಕ್ಕಿದ್ದ ಜಾಗ ಎಲ್ಲವನ್ನೂ ಪಟ್ಟಿ ಮಾಡಿ ಕಟ್ಟಡದ ಭಾನುವಾರದ ಸಭೆಯಲ್ಲಿ ಓದಿದೆ. ಬೆಕ್ಕು ಮೆಟ್ಟಿಲ ಮೇಲೆ ಗಲೀಜು ಮಾಡುತ್ತದೆಂದು ಮೊದಲೇ ಸಿಡುಕುತ್ತಿದ್ದವರಿಗೆ ಅಷ್ಟೇ ಸಾಕಾಗಿತ್ತು.

ಮಾಶಿಮಾ ನನ್ನನ್ನಷ್ಟೇ ನೋಡಿದರು. "ಇಷ್ಟೆಲ್ಲ ಎಣಿಸಿದ್ದೀಯಲ್ಲ ಮಾ, ಅದರ ಬಾಯಲ್ಲಿ ಹಲ್ಲೆಷ್ಟಿವೆ ಅಂತ ಎಣಿಸಿದ್ಯಾ? ದಿನಾ ಮುಳ್ಳು ಬಿಡಿಸಿ ಮೀನು ತಿನ್ನಿಸ್ತೀನಿ ನಾನು."

ಆ ಮಾತನ್ನು ನಾನು ಡೈರಿಯಲ್ಲಿ ಬರೆಯಲಿಲ್ಲ. ಮರುದಿನ ವಾಚ್‌ಮನ್ ಬೆಕ್ಕನ್ನು ಮೀನಿನ ಚೀಲದಲ್ಲಿ ಹಾಕಿಕೊಂಡು ಹೋಗಿ ಜಾದವ್‌ಪುರದ ಮಾರುಕಟ್ಟೆಯಲ್ಲಿ ಬಿಟ್ಟುಬಂದ.

ಡಿಸೆಂಬರ್ ನಾಲ್ಕು, ಆರು ಐವತ್ತು. ಪಿಕಳಾರವೊಂದು ಕೊಂಬೆಯ ಮೇಲೆ ಎರಡು ಹಣ್ಣು ತಿಂದು ಮೂರನೆಯದನ್ನು ಕೊಕ್ಕಿನಲ್ಲಿ ಹಿಡಿದಿತ್ತು. ಕ್ಯಾಮೆರಾದ ಸದ್ದಿಗೆ ಬೆಚ್ಚಿ ನೇರವಾಗಿ ಎದುರಿಗೆ ಹಾರಿತು. ಆ ಹೊಸ ಕಟ್ಟಡದ ಗಾಜಿನಲ್ಲಿ ನಮ್ಮ ಗಸಗಸೆ ಮರ ಪೂರ್ತಿಯಾಗಿ ಕಾಣುತ್ತಿತ್ತು. ಟಪ್ಪೆಂದು ಸದ್ದಾಯಿತು. ಕೆಳಗಿಳಿದು ನೋಡಿದೆ. ಹಣ್ಣು ಇನ್ನೂ ಕೊಕ್ಕಿನಲ್ಲೇ ಇತ್ತು.

ಹಕ್ಕಿ ಬಂದದ್ದನ್ನೆಲ್ಲ ಬರೆದಿದ್ದೆ. ಯಾವ ಕಡೆಗೆ ಹೋಯಿತೆಂದು ಒಂದು ದಿನವೂ ನೋಡಿರಲಿಲ್ಲ.

ಕೊಂಬೆ ಬಿಚ್ಚಿ ಎಸೆದೆ. ಮಾಶಿಮಾರ ಬಾಗಿಲು ತಟ್ಟಿ, ನನ್ನ ಅರೆಬರೆ ಬಂಗಾಳಿಯಲ್ಲಿ, ತಪ್ಪು ನನ್ನದೆಂದು ಹೇಳಿದೆ. ಅವರು ಬೈಯಲಿಲ್ಲ, ಒಳಗೂ ಕರೆಯಲಿಲ್ಲ. ಅಂದಿನಿಂದ ಒಂಬತ್ತು ದಿನ ಬೆಳಿಗ್ಗೆ ಆಫೀಸಿಗೆ ಮುಂಚೆ ಆ ಮಾರುಕಟ್ಟೆಗೆ ಹೋದೆ. ಬಿಳಿ ಬೆಕ್ಕುಗಳು ಮೂರು ಸಿಕ್ಕವು. ಮೂರೂ ಎಳೆಯವು, ಮೀನಿನ ತಲೆಗಾಗಿ ಕಚ್ಚಾಡುತ್ತಿದ್ದವು. ಹಲ್ಲಿಲ್ಲದ ಬೆಕ್ಕು ಅಲ್ಲಿ ಎಷ್ಟು ದಿನ ಬದುಕಬಹುದೆಂದು ಮೀನಿನವನನ್ನು ಕೇಳಬೇಕೆಂದುಕೊಂಡು ಕೇಳದೆ ಬಂದೆ.

ಹತ್ತನೆಯ ದಿನ ಮಾಶಿಮಾ ತಾವೇ ಮೆಟ್ಟಿಲ ಬಳಿ ನಿಲ್ಲಿಸಿದರು. "ಇನ್ನು ಹೋಗಬೇಡ. ಅಷ್ಟೊಂದು ಫೋಟೊ ತೆಗೀತಿದ್ದೆಯಲ್ಲ, ಅದರದ್ದು ಒಂದಾದರೂ ಇದೆಯಾ? ನನ್ನ ಹತ್ತಿರ ಒಂದೂ ಇಲ್ಲ."

ನೋಡಿ ಹೇಳುತ್ತೇನೆ ಎಂದು ಮೇಲೆ ಬಂದೆ. ನೋಡುವ ಅಗತ್ಯವಿರಲಿಲ್ಲ. ಆಗೆಲ್ಲ ಬಾಲ್ಕನಿಯ ಎಡಕ್ಕೆ ಕೆಳಗಿದ್ದ ಅವರ ಕಿಟಕಿಯ ಸಜ್ಜೆಯ ಮೇಲೆ ಬೆಕ್ಕು ದಿನಾ ಬಿಸಿಲು ಕಾಯುತ್ತಾ ನಿದ್ದೆ ಮಾಡುತ್ತಿತ್ತು. ಮೇಲೆ ಹಕ್ಕಿ ಹಣ್ಣು ತಿನ್ನುತ್ತಿದ್ದರೂ ತಲೆಯೆತ್ತುತ್ತಿರಲಿಲ್ಲ. ಫೋಟೊದ ಕೆಳಮೂಲೆಯಲ್ಲಿ ಬಿಳಿ ಮಚ್ಚೆಯಂತೆ ಬರುತ್ತಿತ್ತು. ನವೆಂಬರ್ ಒಂಬತ್ತರ ಪುಟದಲ್ಲಿ ನನ್ನದೇ ಅಕ್ಷರ: 'ಬೆಕ್ಕಿನಿಂದ ಹಾಳಾದ ಫೋಟೊ ಹತ್ತೊಂಬತ್ತು. ಅಳಿಸಿದೆ. ಕೊಂಬೆಯನ್ನು ಬಲಕ್ಕೆ ಸರಿಸಿದೆ.'